ಹದಿನೆಂಟನೆಯ ತಿಂಗಳ ಅಂಕ: ಗರ್ಭದಲ್ಲಿ ಓಪಿಯಾಯ್ಡ್ ಸೋಕಿದ ಒಂದು ಮಗುವಿನ ಪ್ರಕರಣ ಅಧ್ಯಯನ

ಹಿನ್ನೆಲೆ

ಅಮೆರಿಕದ ಒಹಾಯೊ ನದಿಯ ಕಣಿವೆಯಲ್ಲಿ, ಅಪಲೇಷಿಯನ್ ಬೆಟ್ಟಸಾಲಿನ ತಪ್ಪಲಿನ ಗಣಿ ಮತ್ತು ಕಾರ್ಖಾನೆಯ ಊರುಗಳಲ್ಲಿ, ಓಪಿಯಾಯ್ಡ್ (ಅಫೀಮಿನಂತೆ ನೋವು ತಗ್ಗಿಸುವ, ಚಟ ಹಿಡಿಸುವ ಔಷಧ ಮತ್ತು ಮಾದಕಗಳು) ಚಟದ ಕಥೆಯಿಲ್ಲದ ಬೀದಿ ಸಿಗುವುದು ಕಷ್ಟ. 1996ರಲ್ಲಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆ ಮಾರುಕಟ್ಟೆಗೆ ಬಂದಾಗ, ಬೆನ್ನು, ಮಂಡಿ, ಭುಜ ಸವೆಸಿಕೊಂಡು ದುಡಿಯುವವರೇ ತುಂಬಿದ್ದ ಈ ಸೀಮೆಯಲ್ಲಿ ಅದು ಬಹಳ ಬೇಗ ಬೇರೂರಿತು. ಮಾತ್ರೆಗಳಿಗೆ ಕಡಿವಾಣ ಬಿದ್ದ ಮೇಲೆ ಹೆರಾಯಿನ್, ಅದರ ಹಿಂದೆಯೇ ಇನ್ನೂ ಪ್ರಬಲವಾದ ಫೆಂಟನಿಲ್ ಆ ಜಾಗವನ್ನು ತುಂಬಿದವು. ಇದರ ಒಂದು ಪಾಲು ತೊಟ್ಟಿಲಿಗೂ ಬಂತು. ಹುಟ್ಟಿದ ಕೂಡಲೇ ಮಾದಕದ್ರವ್ಯ ಹಿಂತೆಗೆತದ (ಒಗ್ಗಿದ ಮಾದಕ ಥಟ್ಟನೆ ನಿಂತಾಗ ದೇಹ ಪಡುವ ಪಾಡಿನ) ಲಕ್ಷಣ ತೋರುವ ಶಿಶುಗಳ ಪ್ರಮಾಣ ಅಮೆರಿಕದಲ್ಲಿ 2010ರಲ್ಲಿ ಸಾವಿರ ಹೆರಿಗೆಗೆ 4 ಇದ್ದದ್ದು 2017ರಲ್ಲಿ 7.3ಕ್ಕೆ ಏರಿತು. ವೆಸ್ಟ್ ವರ್ಜೀನಿಯಾ ರಾಜ್ಯದಲ್ಲಂತೂ ಅದು 50ನ್ನು ದಾಟಿತ್ತು.

ಈ ಶಿಶುಗಳ ಮೊದಲ ಎರಡು ವಾರಗಳ ಬಗ್ಗೆ ವೈದ್ಯರಿಗೆ ಈಗ ಸಾಕಷ್ಟು ತಿಳಿದಿದೆ. ಅವರ ಎರಡನೆಯ, ಐದನೆಯ, ಹತ್ತನೆಯ ವರ್ಷದ ಬಗ್ಗೆ ಹಾಗೆ ಹೇಳುವಂತಿಲ್ಲ. ಓಪಿಯಾಯ್ಡ್ ಅಣುಗಳು ಮಾಸನ್ನು ದಾಟಿ ಭ್ರೂಣದ ಮೆದುಳನ್ನು ಸಲೀಸಾಗಿ ಸೇರುತ್ತವೆ. ಅವು ಅಂಟಿಕೊಳ್ಳುವ ಗ್ರಾಹಕಗಳು ನರಕೋಶಗಳ ಮೇಲಷ್ಟೇ ಅಲ್ಲದೆ ನರತಂತುಗಳಿಗೆ ಮಯಲಿನ್ ಹೊದಿಕೆ ನೇಯುವ ಕೋಶಗಳ ಮೇಲೂ ಇವೆ. ಓಪಿಯಾಯ್ಡ್ ಚಟದ ಚಿಕಿತ್ಸೆಗೆ ಬಳಸುವ, ತಾನೂ ಒಂದು ಓಪಿಯಾಯ್ಡ್ ಆದ ಬುಪ್ರಿನಾರ್ಫಿನ್ ಕೊಟ್ಟ ತಾಯಿ ಇಲಿಗಳ ಮರಿಗಳಲ್ಲಿ ಈ ಹೊದಿಕೆ ಮೂಡುವ ಕಾಲವೇ ಹಿಂದುಮುಂದಾದದ್ದು ಪ್ರಯೋಗಾಲಯದಲ್ಲಿ ಕಂಡಿದೆ. ಮಾನವ ಶಿಶುಗಳ ಎಂಆರ್‌ಐ ಅಧ್ಯಯನಗಳಲ್ಲಿ, ಗುಂಪಾಗಿ ನೋಡಿದಾಗ, ಓಪಿಯಾಯ್ಡ್ ಸೋಕಿದ ನವಜಾತರ ಮೆದುಳಿನ ಒಟ್ಟು ಗಾತ್ರ ಸ್ವಲ್ಪ ಕಡಿಮೆ ಎಂದು ವರದಿಯಾಗಿದೆ. ಇಷ್ಟನ್ನು ಕೇಳಿದವರು ಯಾರಾದರೂ ‘ಹಾಗಾದರೆ ಮಗುವಿನ ಬುದ್ಧಿಗೆ ಪೆಟ್ಟು ಬಿದ್ದಿದೆ’ ಎಂಬ ತೀರ್ಮಾನಕ್ಕೆ ಜಿಗಿಯುತ್ತಾರೆ. ಆ ಜಿಗಿತದ ನಡುವೆ ಏನೇನಿದೆ ಎಂಬುದೇ ಈ ಪ್ರಕರಣದ ವಿಷಯ.

ನಾನು ಕೆಲಸ ಮಾಡುವ ತಂಡವು ಗರ್ಭಿಣಿಯರನ್ನು ಆರನೆಯ ತಿಂಗಳ ಆಸುಪಾಸಿನಲ್ಲೇ ಸೇರಿಸಿಕೊಂಡು, ಹುಟ್ಟುವ ಮಕ್ಕಳನ್ನು ಶಾಲೆಗೆ ಸೇರುವವರೆಗೆ ನಿಗದಿತ ಅಂತರದಲ್ಲಿ ಪರೀಕ್ಷಿಸುತ್ತದೆ. ಇಲ್ಲಿ ವಿವರಿಸುವ ಕುಟುಂಬದ ಒಪ್ಪಿಗೆ ಪಡೆಯಲಾಗಿದೆ. ಊರು, ಉದ್ಯೋಗ, ಕಾಲಕ್ರಮದ ಕೆಲವು ವಿವರಗಳನ್ನು ಗುರುತು ಸಿಗದಂತೆ ಬದಲಿಸಲಾಗಿದೆ.

ತಾಯಿ ಇಪ್ಪತ್ತರ ಹರೆಯದವಳು. ವೃದ್ಧರ ಆರೈಕೆ ಕೇಂದ್ರದಲ್ಲಿ ರೋಗಿಯನ್ನು ಹಾಸಿಗೆಯಿಂದ ಎತ್ತುವಾಗ ಸೊಂಟ ಹಿಡಿದುಕೊಂಡು ನೋವಿನ ಮಾತ್ರೆ ಆರಂಭಿಸಿದವಳು, ಎರಡು ವರ್ಷಗಳ ನಂತರ ಮಾತ್ರೆ ಸಿಗದಾದಾಗ ಬೀದಿಯ ಹೆರಾಯಿನ್‌ಗೆ ಇಳಿದಿದ್ದಳು. ಬಸಿರು ಎಂದು ತಿಳಿದದ್ದು ಮೂರನೆಯ ತಿಂಗಳ ಕೊನೆಗೆ. ಒಮ್ಮೆಲೇ ಎಲ್ಲವನ್ನೂ ನಿಲ್ಲಿಸಿಬಿಡುವ ಹಠ ಅವಳದಾಗಿತ್ತು. ಪ್ರಸೂತಿ ತಜ್ಞೆ ಅದನ್ನು ಒಪ್ಪಲಿಲ್ಲ. ಹೀಗೆ ಥಟ್ಟನೆ ನಿಲ್ಲಿಸಿದವರಲ್ಲಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಮತ್ತೆ ಚಟಕ್ಕೆ ಮರಳುತ್ತಾರೆ, ಆ ಹೊತ್ತಿಗೆ ದೇಹದ ಸಹನಶಕ್ತಿ ಕುಗ್ಗಿರುವುದರಿಂದ ಹಳೆಯ ಪ್ರಮಾಣವೇ ಪ್ರಾಣ ತೆಗೆಯಬಲ್ಲದು. ಆದ್ದರಿಂದ ಗರ್ಭಿಣಿಯರಿಗೆ ಮೆಥಡೋನ್ ಅಥವಾ ಬುಪ್ರಿನಾರ್ಫಿನ್ ಚಿಕಿತ್ಸೆಯನ್ನು ಮುಂದುವರಿಸುವುದೇ ಅಲ್ಲಿನ ಅಂಗೀಕೃತ ಪದ್ಧತಿ. ಈ ಎರಡನ್ನು ಹೋಲಿಸಿದ, 2010ರಲ್ಲಿ ಪ್ರಕಟವಾದ ‘ಮದರ್’ ಪ್ರಯೋಗದಲ್ಲಿ ಬುಪ್ರಿನಾರ್ಫಿನ್ ಪಡೆದ ತಾಯಂದಿರ ಶಿಶುಗಳಿಗೆ ಶೇ. 89ರಷ್ಟು ಕಡಿಮೆ ಮಾರ್ಫಿನ್ ಸಾಕಾಗಿತ್ತು, ಆಸ್ಪತ್ರೆವಾಸವೂ 17.5 ದಿನಗಳ ಬದಲು 10 ದಿನಕ್ಕೆ ಇಳಿದಿತ್ತು. ನಮ್ಮ ತಾಯಿಗೂ ಬುಪ್ರಿನಾರ್ಫಿನ್ ಆರಂಭವಾಯಿತು.

‘ಸೋಕು’ ಎಂಬುದನ್ನು ಅಳೆಯುವುದು

ಸಂಶೋಧನಾ ಪ್ರಬಂಧಗಳಲ್ಲಿ ‘ಓಪಿಯಾಯ್ಡ್ ಸೋಕಿದೆ, ಸೋಕಿಲ್ಲ’ ಎಂದು ಎರಡು ಕಾಲಮ್ಮುಗಳಲ್ಲಿ ಮುಗಿದುಹೋಗುವ ಸಂಗತಿಯನ್ನು ಈ ತಾಯಿಯಿಂದ ಪಡೆದುಕೊಳ್ಳಲು ಒಂದು ಇಡೀ ಮಧ್ಯಾಹ್ನ ಬೇಕಾಯಿತು. ಮೇಜಿನ ಮೇಲೆ ತಿಂಗಳುಗಳ ಕ್ಯಾಲೆಂಡರ್ ಹಾಳೆಗಳನ್ನು ಹರಡಿ, ಮೊದಲು ಅವಳಿಗೆ ಖಚಿತವಾಗಿ ನೆನಪಿರುವ ದಿನಗಳನ್ನು ಪೆನ್ಸಿಲ್ಲಿನಲ್ಲಿ ಗುರುತಿಸಲಾಯಿತು: ಜಿಲ್ಲಾ ಜಾತ್ರೆಯ ವಾರ, ತಾತ ತೀರಿಕೊಂಡ ದಿನ, ಕಾರು ಜಪ್ತಿಯಾದ ಸೋಮವಾರ. ಆ ಗೂಟಗಳ ನಡುವೆ ಯಾವ ದಿನ ಏನನ್ನು, ಎಷ್ಟು, ಹೇಗೆ ತೆಗೆದುಕೊಂಡಳು ಎಂದು ಅವಳೇ ತುಂಬುತ್ತ ಹೋದಳು. ಹೆರಾಯಿನ್ ಕಾಲಂ ತುಂಬುವಾಗ ಅವಳ ಕೈ ತಡೆಯಲಿಲ್ಲ. ಸಿಗರೇಟಿನ ಕಾಲಮ್ಮಿಗೆ ಬಂದಾಗ ಪೆನ್ಸಿಲ್ ಕೆಳಗಿಟ್ಟು, “ಇದನ್ನೂ ಬರೆಯಬೇಕಾ?” ಎಂದು ಕೇಳಿದಳು.

ಬರೆಯಲೇಬೇಕಿತ್ತು. ದಿನಕ್ಕೊಂದು ಪ್ಯಾಕ್ ಸಿಗರೇಟು ಹೆರಿಗೆಯವರೆಗೂ ನಡೆದಿತ್ತು. ಸೊಂಟನೋವಿಗೆ ಗ್ಯಾಬಪೆಂಟಿನ್ ಮಾತ್ರೆ ಇತ್ತು, ಖಿನ್ನತೆಗೆ ಮತ್ತೊಂದು ಮಾತ್ರೆ. ನಿಕೋಟಿನ್, ಗ್ಯಾಬಪೆಂಟಿನ್, ಖಿನ್ನತೆಯ ಔಷಧಗಳು ಶಿಶುವಿನ ಹಿಂತೆಗೆತದ ಲಕ್ಷಣಗಳನ್ನು ಇನ್ನಷ್ಟು ಕೆರಳಿಸಬಲ್ಲವು. ಸಿಗರೇಟಂತೂ ತನ್ನಷ್ಟಕ್ಕೆ ತಾನೇ ಹುಟ್ಟುತೂಕವನ್ನು ತಗ್ಗಿಸುತ್ತದೆ. ಜೊತೆಗೆ, ಹೆರಾಯಿನ್‌ನಂಥ ಅಲ್ಪಾವಧಿಯ ಮಾದಕದ ಏರಿಳಿತದಲ್ಲಿ ಭ್ರೂಣ ದಿನಕ್ಕೆ ಹಲವು ಬಾರಿ ಹಿಂತೆಗೆತವನ್ನು ಅನುಭವಿಸುತ್ತದೆ, ಬುಪ್ರಿನಾರ್ಫಿನ್ ಮೇಲಿರುವ ತಾಯಿಯ ಭ್ರೂಣ ಹಾಗಲ್ಲ. ಒಂದೇ ಬಸಿರಿನಲ್ಲಿ ಈ ಮಗು ಎರಡನ್ನೂ ಕಂಡಿತ್ತು. ಹಾಗಾಗಿ ನಮ್ಮ ಕಡತದಲ್ಲಿ ಈ ಮಗುವಿನ ಹೆಸರಿನ ಮುಂದೆ ‘ಹೌದು’ ಎಂಬ ಒಂದು ಪದವನ್ನಷ್ಟೇ ಬರೆಯುವುದಿಲ್ಲವೆಂದು, ವಾರವಾರದ ಪಟ್ಟಿಯನ್ನೇ ಇಟ್ಟುಕೊಳ್ಳುವುದೆಂದು ಆರಂಭದಲ್ಲೇ ನಿರ್ಧಾರವಾಯಿತು. ಹೊಕ್ಕುಳಬಳ್ಳಿಯ ಪರೀಕ್ಷೆ ಆ ಪಟ್ಟಿಯೊಂದಿಗೆ ಹೊಂದಿಕೊಂಡಿತು.

ಅವಳು ಇಷ್ಟು ಬಿಚ್ಚಿ ಹೇಳಲು ಕಾರಣವೂ ಇದೆ. 2014ರಿಂದ 2016ರವರೆಗೆ ಟೆನೆಸಿ ರಾಜ್ಯದಲ್ಲಿ ಗರ್ಭಿಣಿಯ ಮಾದಕ ಸೇವನೆಯನ್ನೇ ಹಲ್ಲೆಯೆಂದು ಪರಿಗಣಿಸಿ ಬಂಧಿಸುವ ಕಾನೂನಿತ್ತು. ಆ ಸುದ್ದಿ ನೆರೆಯ ರಾಜ್ಯಗಳ ತಾಯಂದಿರ ಮನಸ್ಸಿನಿಂದ ಇನ್ನೂ ಅಳಿದಿಲ್ಲ. ಸಂಶೋಧನೆಗೆ ಕೊಟ್ಟ ಮಾಹಿತಿಯನ್ನು ನ್ಯಾಯಾಲಯವೂ ಕೇಳಿ ಪಡೆಯುವಂತಿಲ್ಲ ಎಂಬ ಗೋಪ್ಯತೆಯ ಪ್ರಮಾಣಪತ್ರ ನಮ್ಮ ಅಧ್ಯಯನಕ್ಕಿತ್ತು. ಅದನ್ನೂ, ಮಗುವಿಗೆ ಅಪಾಯವಿದೆಯೆಂದು ಕಂಡರೆ ಮಾತ್ರ ವರದಿ ಮಾಡಲೇಬೇಕಾದ ನಮ್ಮ ಹೊಣೆಯನ್ನೂ ಒಂದೇ ಉಸಿರಿನಲ್ಲಿ ಅವಳಿಗೆ ತಿಳಿಸಲಾಗಿತ್ತು. ಎರಡನೆಯದನ್ನು ಮುಚ್ಚಿಟ್ಟಿದ್ದರೆ ಮುಂದೆ ನಡೆದದ್ದನ್ನು ಅವಳು ಕ್ಷಮಿಸುತ್ತಿರಲಿಲ್ಲ.

ಹೆರಿಗೆ, ಮೊದಲ ವಾರ ಮತ್ತು ಮಲಗಿಸಿ ತೆಗೆದ ಎಂಆರ್‌ಐ

38ನೆಯ ವಾರದಲ್ಲಿ 2.7 ಕಿಲೋ ತೂಕದ ಗಂಡುಮಗು ಹುಟ್ಟಿತು. ಬುಪ್ರಿನಾರ್ಫಿನ್ ದೇಹದಿಂದ ನಿಧಾನ ಇಳಿಯುವುದರಿಂದ ಮೊದಲ ದಿನ ಏನೂ ಕಾಣಲಿಲ್ಲ. ಮೂರನೆಯ ದಿನ ಕೈಕಾಲು ನಡುಕ, ಕೀರಲು ಅಳು, ಬಿಡದೆ ಸೀನು, ಕುಡಿದದ್ದೆಲ್ಲ ಕಕ್ಕುವುದು ಶುರುವಾಯಿತು. ಇಂಥ ಶಿಶುಗಳನ್ನು ಅಳೆಯಲು 1975ರಲ್ಲಿ ವೈದ್ಯೆ ಲೊರೆಟಾ ಫಿನೆಗನ್ ರೂಪಿಸಿದ ಅಂಕಪಟ್ಟಿಯೇ ದಶಕಗಳ ಕಾಲ ನಡೆದುಬಂದದ್ದು: ಮೂರು-ನಾಲ್ಕು ಗಂಟೆಗೊಮ್ಮೆ ಇಪ್ಪತ್ತೊಂದು ಲಕ್ಷಣಗಳಿಗೆ ಅಂಕ ಕೊಟ್ಟು, ಸತತ ಮೂರು ಬಾರಿ ಎಂಟಕ್ಕೆ ಮುಟ್ಟಿದರೆ ಮಾರ್ಫಿನ್. ಈ ಮಗುವಿನ ಅಂಕ 9, 8, 10 ಎಂದಿತ್ತು. ಹಳೆಯ ಲೆಕ್ಕದಲ್ಲಿ ಅದೇ ಸಂಜೆ ಮಾರ್ಫಿನ್ ಶುರುವಾಗಬೇಕಿತ್ತು.

ಆಸ್ಪತ್ರೆ ಆಗಷ್ಟೇ ಬೇರೊಂದು ಪದ್ಧತಿಗೆ ಬದಲಾಗುತ್ತಿತ್ತು. ಮಗು ಸರಿಯಾಗಿ ಹಾಲು ಕುಡಿಯುತ್ತದೆಯೇ, ಒಂದು ಗಂಟೆಯಾದರೂ ನಿದ್ರಿಸುತ್ತದೆಯೇ, ಎತ್ತಿಕೊಂಡರೆ ಹತ್ತು ನಿಮಿಷದೊಳಗೆ ಸುಮ್ಮನಾಗುತ್ತದೆಯೇ ಎಂಬ ಮೂರೇ ಪ್ರಶ್ನೆಗಳ ಮೇಲೆ ನಿಂತ ಈ ಪದ್ಧತಿ ಯೇಲ್ ವಿಶ್ವವಿದ್ಯಾಲಯದ ವೈದ್ಯರಿಂದ ಬಂದದ್ದು. 2023ರಲ್ಲಿ ಪ್ರಕಟವಾದ, 26 ಆಸ್ಪತ್ರೆಗಳ 1,305 ಶಿಶುಗಳ ಪ್ರಯೋಗದಲ್ಲಿ ಔಷಧ ಬೇಕಾದವರ ಪ್ರಮಾಣ ಇದರಿಂದ ಶೇ. 52ರಿಂದ 19.5ಕ್ಕೆ ಇಳಿದಿತ್ತು. ಮನೆಗೆ ಕಳಿಸಲು ಶಿಶು ಸಿದ್ಧವಾಗಲು ಹಿಡಿದ ಕಾಲ ಸುಮಾರು 15 ದಿನದಿಂದ 8 ದಿನಕ್ಕೆ ಬಂದಿತ್ತು. ನಮ್ಮ ಪ್ರಕರಣದಲ್ಲಿ ದೀಪ ತಗ್ಗಿಸಿದ ಕೋಣೆಯಲ್ಲಿ ತಾಯಿ ಮಗುವನ್ನು ಎದೆಗವಚಿಕೊಂಡೇ ಇದ್ದಳು, ಅವಳು ಕಣ್ಣು ಮುಚ್ಚುವ ಹೊತ್ತಿಗೆ ಅವಳ ತಾಯಿ, ಇಬ್ಬರೂ ಸೋತಾಗ ಆಸ್ಪತ್ರೆಯ ಸ್ವಯಂಸೇವಕಿ. ಮಾರ್ಫಿನ್ ಬೇಕಾಗಲಿಲ್ಲ. ಎಂಟನೆಯ ದಿನ ಮನೆಗೆ ಹೋದರು.

ಸಂಶೋಧಕರ ಕಣ್ಣಿಗೆ ಇದು ಬರಿಯ ಚಿಕಿತ್ಸೆಯ ವಿಷಯವಲ್ಲ. ಹಿಂದಿನ ಅಧ್ಯಯನಗಳಲ್ಲಿನ ‘ಓಪಿಯಾಯ್ಡ್ ಸೋಕಿದ’ ಮಕ್ಕಳಲ್ಲಿ ದೊಡ್ಡ ಪಾಲಿನವರು ಹುಟ್ಟಿದ ಮೇಲೂ ವಾರಗಟ್ಟಲೆ ಮಾರ್ಫಿನ್ ಕುಡಿದವರು, ತಾಯಿಯಿಂದ ದೂರವಾಗಿ ತೀವ್ರನಿಗಾ ಘಟಕದ ಬೆಳಕು-ಗದ್ದಲದಲ್ಲಿ ಮಲಗಿದವರು. ಆ ಮಕ್ಕಳ ಅಂಕಗಳಲ್ಲಿ ಗರ್ಭದ ಪಾಲೆಷ್ಟು, ಆಸ್ಪತ್ರೆಯ ಪಾಲೆಷ್ಟು ಎಂದು ಬೇರ್ಪಡಿಸಲು ಈಗ ದಾರಿಯಿಲ್ಲ. ಹಳೆಯ ಪ್ರಬಂಧವನ್ನು ಇಂದಿನ ಮಗುವಿಗೆ ಹಚ್ಚುವವರು ಇದನ್ನು ಮರೆಯುವುದೇ ಹೆಚ್ಚು.

ಎಂಆರ್‌ಐಗೆ ನಿದ್ರೆಯ ಔಷಧ ಕೊಡುವುದಿಲ್ಲ. ಹೊಟ್ಟೆ ತುಂಬ ಹಾಲು ಕುಡಿಸಿ, ಕಿವಿಗೆ ಮೇಣದಂಥ ಬಿರಡೆ ಒತ್ತಿ ಮೇಲೆ ಪುಟ್ಟ ಕವಚ ಅಂಟಿಸಿ, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ಗಾಳಿ ಹೀರಿದರೆ ಮಗುವಿನ ಆಕಾರಕ್ಕೆ ಗಟ್ಟಿಯಾಗುವ ದಿಂಬಿನಲ್ಲಿ ಮಲಗಿಸಿ ಯಂತ್ರದೊಳಗೆ ತಳ್ಳಬೇಕು. ಸಾಮಾನ್ಯ ಶಿಶುಗಳೇ ಅರ್ಧಕ್ಕೆ ಎಚ್ಚರಗೊಳ್ಳುತ್ತವೆ. ಈ ಮಗು ಮೊದಲ ಬಾರಿ ಯಂತ್ರ ಗುಡುಗಿದೊಡನೆ ಸೆಟೆದು ಅತ್ತು ಬಿಟ್ಟಿತು, ಆರನೆಯ ವಾರದಲ್ಲಿ ಮತ್ತೆ ಕರೆಸಿದಾಗ ಮಾತ್ರ ಚಿತ್ರ ಸಿಕ್ಕಿತು. ಇದರಲ್ಲೂ ಒಂದು ಪಾಠವಿದೆ: ಹೆಚ್ಚು ಕಿರಿಕಿರಿಯ ಶಿಶುಗಳ ಚಿತ್ರಗಳೇ ಹೆಚ್ಚಾಗಿ ಕೆಡುವುದರಿಂದ, ಮರುಯತ್ನಕ್ಕೆ ಅವಕಾಶವಿಡದ ಅಧ್ಯಯನದಲ್ಲಿ ಕೊನೆಗೆ ಉಳಿಯುವುದು ಶಾಂತ ಸ್ವಭಾವದ ಮಕ್ಕಳ ಮೆದುಳುಗಳಷ್ಟೇ. ಚಿತ್ರದಲ್ಲಿ ವಿಕಿರಣತಜ್ಞರಿಗೆ ಯಾವ ದೋಷವೂ ಕಾಣಲಿಲ್ಲ. ಒಟ್ಟು ಗಾತ್ರ ಗುಂಪಿನ ಕೆಳಗಿನ ಅರ್ಧದಲ್ಲಿತ್ತು. “ಮೆದುಳು ಚೆನ್ನಾಗಿದೆಯಾ?” ಎಂಬ ತಾಯಿಯ ಪ್ರಶ್ನೆಗೆ, ಚಿಕಿತ್ಸೆ ಬೇಕಾದ ದೋಷ ಯಾವುದೂ ಇಲ್ಲ, ಆದರೆ ಗಾತ್ರ ನೋಡಿ ಒಂದು ಮಗುವಿನ ನಾಳೆಯನ್ನು ಹೇಳುವ ವಿದ್ಯೆ ಯಾರಲ್ಲೂ ಇಲ್ಲ ಎಂದು ಉತ್ತರಿಸಲಾಯಿತು.

ಸಮಸ್ಯೆ

ಆರನೆಯ ತಿಂಗಳ ಭೇಟಿ ಸುಸೂತ್ರವಾಗಿತ್ತು. ಹನ್ನೆರಡನೆಯ ತಿಂಗಳ ಭೇಟಿಗೆ ಯಾರೂ ಬರಲಿಲ್ಲ, ಫೋನಿಗೂ ಸಿಗಲಿಲ್ಲ. ಆಮೇಲೆ ತಿಳಿದದ್ದು ಇಷ್ಟು: ಮಗುವಿಗೆ ಒಂಬತ್ತು ತಿಂಗಳಾಗಿದ್ದಾಗ ವಿಮೆಯ ಕಾಗದಪತ್ರದ ತೊಡಕಿನಿಂದ ತಾಯಿಯ ಬುಪ್ರಿನಾರ್ಫಿನ್ ಕೆಲವು ವಾರ ತಪ್ಪಿತ್ತು, ಅವಳು ಮತ್ತೆ ಚಟಕ್ಕೆ, ಈ ಬಾರಿ ಫೆಂಟನಿಲ್‌ಗೆ ಬಿದ್ದಿದ್ದಳು. ಮಗುವನ್ನು ಮಕ್ಕಳ ರಕ್ಷಣಾ ಇಲಾಖೆ ಮೊದಲು ಅಪರಿಚಿತ ಪೋಷಕ ಕುಟುಂಬಕ್ಕೆ, ಎರಡು ತಿಂಗಳ ನಂತರ ಅಜ್ಜಿಯ ಮನೆಗೆ ಒಪ್ಪಿಸಿತ್ತು. ತಾಯಿ ದೂರದ ವಸತಿ ಚಿಕಿತ್ಸಾ ಕೇಂದ್ರದಲ್ಲಿದ್ದಳು.

ಹದಿನೆಂಟನೆಯ ತಿಂಗಳಲ್ಲಿ ಅಜ್ಜಿ ಮಗುವನ್ನು ಕರೆತಂದರು. ಪುಟ್ಟ ಮಕ್ಕಳ ಬೆಳವಣಿಗೆಯನ್ನು ಅಳೆಯುವ ಬೇಯ್ಲಿ ಮಾಪನದಲ್ಲಿ ಗ್ರಹಿಕೆ 90, ಚಲನೆ 88, ಭಾಷೆ 74. ಈ ಮಾಪನದಲ್ಲಿ ಸರಾಸರಿ 100, ಪ್ರಮಾಣಿತ ವಿಚಲನೆ (ಅಂಕಗಳು ಸರಾಸರಿಯ ಆಚೀಚೆ ಹರಡಿರುವ ಅಳತೆ) 15. ಅಂದರೆ ಭಾಷೆಯಲ್ಲಿ ನೂರು ಮಕ್ಕಳ ಪೈಕಿ ತೊಂಬತ್ತೈದರಷ್ಟು ಮಕ್ಕಳು ಇವನಿಗಿಂತ ಮುಂದಿದ್ದಾರೆಂದು ಅರ್ಥ. ತಂಡದ ಸಭೆಯಲ್ಲಿ ಈ ಅಂಕವನ್ನು ಕಂಡ ಕೂಡಲೇ ಒಂದು ಕಥೆ ತಾನಾಗಿ ಹೆಣೆದುಕೊಂಡಿತು: ಬುಪ್ರಿನಾರ್ಫಿನ್, ಮಯಲಿನ್, ಚಿಕ್ಕ ಗಾತ್ರ, ತಡವಾದ ಮಾತು. ಪ್ರಬಂಧದ ಚರ್ಚಾಭಾಗಕ್ಕೆ ಹೇಳಿಮಾಡಿಸಿದಂಥ ಕಥೆ. ಅದು ಸುಳ್ಳೆಂದು ಯಾರೂ ಹೇಳುವಂತಿರಲಿಲ್ಲ, ನಿಜವೆಂದೂ ಹೇಳುವಂತಿರಲಿಲ್ಲ.

ನನ್ನ ಆಕ್ಷೇಪ ಹಳೆಯ ಒಂದು ಇತಿಹಾಸದಿಂದ ಬಂದದ್ದು. 1980ರ ದಶಕದಲ್ಲಿ ಕೊಕೇನ್ ಸೋಕಿದ ಶಿಶುಗಳ ಬಗ್ಗೆ ಅಮೆರಿಕದಲ್ಲಿ ಇಂಥದೇ ಭೀತಿ ಎದ್ದಿತ್ತು. ಒಂದು ಇಡೀ ತಲೆಮಾರು ಕೆಟ್ಟುಹೋಯಿತೆಂದು ಪತ್ರಿಕೆಗಳು ಬರೆದವು. ಫಿಲಡೆಲ್ಫಿಯಾದ ವೈದ್ಯೆ ಹಲಂ ಹರ್ಟ್ 1989ರಿಂದ ಇನ್ನೂರಕ್ಕೂ ಹೆಚ್ಚು ಮಕ್ಕಳನ್ನು, ಅರ್ಧದಷ್ಟು ಕೊಕೇನ್ ಸೋಕಿದವರು, ಉಳಿದರ್ಧ ಅದೇ ಬಡ ಬಡಾವಣೆಗಳ ಸೋಕದವರು, ಎರಡು ದಶಕಗಳ ಕಾಲ ಹಿಂಬಾಲಿಸಿದರು. ನಾಲ್ಕನೆಯ ವಯಸ್ಸಿನಲ್ಲಿ ಮೊದಲ ಗುಂಪಿನ ಬುದ್ಧಿಸೂಚ್ಯಂಕ ಸುಮಾರು 79 ಬಂತು. ಹೋಲಿಕೆ ಗುಂಪು ಇಲ್ಲದೆ ಹೋಗಿದ್ದರೆ ಕೊಕೇನ್ ವಿರುದ್ಧದ ಮೊಕದ್ದಮೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎರಡನೆಯ ಗುಂಪಿನದು 82. ಇಬ್ಬರನ್ನೂ ಕೆಳಗೆ ಎಳೆದಿದ್ದದ್ದು ಬಡತನ. ಓಪಿಯಾಯ್ಡ್ ವಿಷಯವೂ ಹಾಗೆಯೇ ಕೊನೆಗೊಳ್ಳುತ್ತದೆಂದು ಇದರಿಂದ ಹೇಳಲಾಗದು. ಎರಡೂ ಬೇರೆ ಬೇರೆ ಅಣುಗಳು, ಮತ್ತು ಓಪಿಯಾಯ್ಡ್ ಕುರಿತ ಪುರಾವೆ ಕೆಲವೆಡೆ ಹೆಚ್ಚು ಗಟ್ಟಿಯಾಗಿದೆ. ಆದರೆ 74 ಎಂಬ ಅಂಕವನ್ನು ಯಾರ ಪಕ್ಕದಲ್ಲಿಟ್ಟು ಓದಬೇಕು ಎಂಬ ಪ್ರಶ್ನೆ ಅಲ್ಲಿಂದಲೇ ಬರುತ್ತದೆ. ನಮ್ಮದೇ ಅಧ್ಯಯನದಲ್ಲಿ ಅದೇ ಜಿಲ್ಲೆಯ, ಅದೇ ಆದಾಯದ, ಸಿಗರೇಟು ಸೇದುವ ಆದರೆ ಓಪಿಯಾಯ್ಡ್ ತೆಗೆದುಕೊಳ್ಳದ ತಾಯಂದಿರ ಮಕ್ಕಳ ಭಾಷಾ ಅಂಕಗಳೂ ನೂರಕ್ಕಿಂತ ಕೆಳಗೇ ಗುಂಪುಗೂಡಿದ್ದವು.

ಏನೇನು ಮಾಡಿ ನೋಡಿದೆವು

ಮೊದಲು ಪರೀಕ್ಷೆಯ ವಿಡಿಯೊವನ್ನು ಮತ್ತೆ ನೋಡಲಾಯಿತು. ಎರಡು ಸಂಗತಿಗಳು ಕಣ್ಣಿಗೆ ಬಿದ್ದವು. ಪರೀಕ್ಷಕಿ ಬಾಯಿ ಕಾಣುವಂತೆ ಎದುರು ಕೂತು ಹೆಸರು ಕರೆದಾಗ ಮಗು ನೋಡುತ್ತದೆ, ಹಿಂದಿನಿಂದ ಕರೆದಾಗ ನೋಡುವುದಿಲ್ಲ. ಚೆಂಡನ್ನು ಕೊಡು ಎಂದರೆ ಸುಮ್ಮನಿರುವವನು ಕೈ ಚಾಚಿದರೆ ಕೊಡುತ್ತಾನೆ. ಎರಡನೆಯದು, ವಿಡಿಯೊ ಆರಂಭವಾಗುವ ಮುಂಚಿನ ಧ್ವನಿಮುದ್ರಣದಲ್ಲಿ ಅಜ್ಜಿ ಕೋಟು ಬಿಚ್ಚುತ್ತ, “ಪಾಪ, ಇವನು ಡ್ರಗ್ ಬೇಬಿ, ಇವನಿಂದ ಹೆಚ್ಚು ನಿರೀಕ್ಷಿಸಬೇಡಿ ಕಣಮ್ಮಾ” ಎಂದು ಪರೀಕ್ಷಕಿಗೆ ಹೇಳಿದ್ದು ಕೇಳಿಸುತ್ತದೆ. ಮಗು ಯಾವ ಗುಂಪಿನದೆಂದು ಪರೀಕ್ಷಕಿಗೆ ತಿಳಿಯಬಾರದು ಎಂಬುದು ಅಧ್ಯಯನದ ಮೂಲ ನಿಯಮ. ಅಜ್ಜಿಯದು ಮಮತೆಯ ಮಾತು, ಆದರೆ ಆ ಮಾತಿನ ನಂತರ ಒಂದು ಅಸ್ಪಷ್ಟ ತೊದಲನ್ನು ‘ಪದ’ ಎಂದು ಗಣಿಸುವುದೋ ಬೇಡವೋ ಎಂಬ ಹತ್ತಾರು ಸಣ್ಣ ತೀರ್ಪುಗಳು ಯಾವ ಕಡೆ ವಾಲುತ್ತವೆಂದು ಯಾರು ಬಲ್ಲರು?

ಹುಟ್ಟಿದಾಗಿನ ಶ್ರವಣ ಪರೀಕ್ಷೆಯಲ್ಲಿ ಮಗು ಉತ್ತೀರ್ಣನಾಗಿದ್ದ ಕಾರಣ ಕಿವಿಯ ಬಗ್ಗೆ ಯಾರೂ ಮತ್ತೆ ಯೋಚಿಸಿರಲಿಲ್ಲ. ಈಗ ಕಿವಿತಮಟೆಯ ಚಲನೆಯನ್ನು ಅಳೆದಾಗ ಎರಡೂ ಕಿವಿಗಳ ರೇಖೆ ಚಪ್ಪಟೆಯಾಗಿ ಬಂತು, ಅಂದರೆ ನಡುಗಿವಿಯಲ್ಲಿ ದ್ರವ ತುಂಬಿತ್ತು. ಅಜ್ಜಿಯನ್ನು ಕೇಳಿದಾಗ, ಪೋಷಕ ಕುಟುಂಬದಿಂದ ಬಂದಾಗಿನಿಂದ ಕಿವಿಸೋರುವುದು, ಜ್ವರ, ಆ್ಯಂಟಿಬಯಾಟಿಕ್ ಎಂದು ಪದೇ ಪದೇ ನಡೆದಿತ್ತು. ಮನೆಯಲ್ಲಿ ಇಬ್ಬರು ಸಿಗರೇಟು ಸೇದುವವರಿದ್ದರು. ಮನೆಯೊಳಗಿನ ಹೊಗೆಗೂ ಮಕ್ಕಳ ನಡುಗಿವಿಯ ಸೋಂಕಿಗೂ ಇರುವ ನಂಟು ಗೊತ್ತಿರುವುದೇ. ಮಾತು ಕಲಿಯುವ ಅತಿ ಮುಖ್ಯ ತಿಂಗಳುಗಳಲ್ಲಿ ಈ ಮಗು ನೀರಿನೊಳಗಿದ್ದವನಂತೆ ಮಾತು ಕೇಳಿಸಿಕೊಂಡಿರಬೇಕು.

ಹುಡುಕುತ್ತ ಹೋದಂತೆ ಮತ್ತೆರಡು ಬಾಕಿಗಳು ಸಿಕ್ಕವು. ಎಡಗಣ್ಣು ಒಳಕ್ಕೆ ವಾಲುತ್ತಿತ್ತು. ಗರ್ಭದಲ್ಲಿ ಓಪಿಯಾಯ್ಡ್ ಸೋಕಿದ ಮಕ್ಕಳಲ್ಲಿ ಮೆಳ್ಳಗಣ್ಣು ಹೆಚ್ಚೆಂದು ಅನೇಕ ವರದಿಗಳಿದ್ದರೂ ಈ ಮಗುವನ್ನು ಕಣ್ಣಿನ ವೈದ್ಯರು ನೋಡಿರಲಿಲ್ಲ. ತಾಯಿಗೆ ಹೆಪಟೈಟಿಸ್ ಸಿ ಇತ್ತು, ಮಗುವಿನ ರಕ್ತ ಪರೀಕ್ಷೆಯಾಗಿರಲಿಲ್ಲ. ಮನೆ ಬದಲಾದಾಗ ಕಡತ ಹಿಂದೆ ಬಂದಿರಲಿಲ್ಲ, ಅಷ್ಟೇ. ರಕ್ತ ಪರೀಕ್ಷೆಯಲ್ಲಿ ವೈರಾಣು ಇಲ್ಲವೆಂದು ಬಂತು. ಕಣ್ಣಿಗೆ ಪಟ್ಟಿ ಕಟ್ಟುವ ಚಿಕಿತ್ಸೆ ಶುರುವಾಯಿತು.

ತಂಡದೊಳಗೆ ನಿಜವಾದ ಜಗ್ಗಾಟ ನಡೆದದ್ದು ಇದರ ನಂತರ. ನಾವು ವೀಕ್ಷಕರು, ಮಧ್ಯೆ ಕೈಹಾಕಿದರೆ ಓಪಿಯಾಯ್ಡ್‌ನ ಸಹಜ ಪರಿಣಾಮ ಮರೆಯಾಗುತ್ತದೆ ಎಂಬ ವಾದವನ್ನು ಅಂಕಿಅಂಶ ನೋಡಿಕೊಳ್ಳುವ ಸಹೋದ್ಯೋಗಿಯೊಬ್ಬರು ಮುಂದಿಟ್ಟರು. ಆ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಎಲ್ಲ ಮಕ್ಕಳಿಗೂ ಚಿಕಿತ್ಸೆ ಒದಗಿಸುವ ಅಧ್ಯಯನದ ಫಲಿತಾಂಶ, ಚಿಕಿತ್ಸೆ ಸಿಗದ ಹೊರಗಿನ ಮಕ್ಕಳಿಗೆ ಅನ್ವಯಿಸುವುದಿಲ್ಲ. ಆದರೆ ದ್ರವ ತುಂಬಿದ ಕಿವಿ ಓಪಿಯಾಯ್ಡ್‌ನ ಸಹಜ ಪರಿಣಾಮವೇ ಅಲ್ಲ, ಅದನ್ನು ಹಾಗೆ ಬಿಟ್ಟು ಅಳೆದರೆ ಸಿಗುವುದು ಕಿವಿಯ ಅಳತೆ, ಮೆದುಳಿನದಲ್ಲ. ಕೊನೆಗೆ, ಮಗುವಿಗೆ ಬೇಕಾದದ್ದನ್ನು ಕೂಡಲೇ ಕೊಡಿಸುವುದು, ಏನು ಕೊಡಿಸಿದೆವು, ಯಾವಾಗ ಕೊಡಿಸಿದೆವು ಎಂಬುದನ್ನು ದತ್ತಾಂಶದ ಭಾಗವಾಗಿಯೇ ದಾಖಲಿಸುವುದು ಎಂಬಲ್ಲಿಗೆ ಎಲ್ಲರೂ ಬಂದರು. ಇಪ್ಪತ್ತನೆಯ ತಿಂಗಳಲ್ಲಿ ಎರಡೂ ಕಿವಿತಮಟೆಗಳಲ್ಲಿ ದ್ರವ ಹೊರಬರಲು ಪುಟ್ಟ ನಳಿಕೆ ಇಡಲಾಯಿತು. ಮೂರು ವರ್ಷದೊಳಗಿನ ಮಕ್ಕಳಿಗೆ ಅಮೆರಿಕದ ಕಾನೂನಿನ ಪ್ರಕಾರ ಸಿಗುವ ಆರಂಭಿಕ ನೆರವಿನ ಯೋಜನೆಯಡಿ ವಾಕ್‌ಚಿಕಿತ್ಸಕಿಯೊಬ್ಬರು ವಾರಕ್ಕೊಮ್ಮೆ ಮನೆಗೇ ಬಂದು, ಮಗುವಿಗಿಂತ ಹೆಚ್ಚಾಗಿ ಅಜ್ಜಿಗೆ, ಪಾತ್ರೆ ತೊಳೆಯುವಾಗ, ಬಟ್ಟೆ ಮಡಚುವಾಗ ಮಗುವಿನೊಂದಿಗೆ ಹೇಗೆ ಮಾತಾಡುತ್ತಿರಬೇಕೆಂದು ಕಲಿಸಿದರು.

ತಾಯಿಯನ್ನು ಮತ್ತೆ ಅಧ್ಯಯನಕ್ಕೆ ಕರೆತಂದದ್ದು ನಮ್ಮ ಸಂಯೋಜಕಿ. ಅದೇ ಜಿಲ್ಲೆಯವರು, ಅವರ ತಮ್ಮನೂ ಇದೇ ಚಟದಿಂದ ಹೊರಬಂದವನು. ಅವರು ಚಿಕಿತ್ಸಾ ಕೇಂದ್ರಕ್ಕೆ ಪತ್ರ ಬರೆದರೇ ಹೊರತು ಯಾವ ಪ್ರಶ್ನಾವಳಿಯನ್ನೂ ಕಳಿಸಲಿಲ್ಲ. ದೀರ್ಘಾವಧಿಯ ಅಧ್ಯಯನಗಳು ಉಳಿಯುವುದು ಇಂಥ ಜನರಿಂದ. ಮೈಸೂರಿನಲ್ಲಿ ಎಲ್ಲರೂ ಮಿಷನ್ ಆಸ್ಪತ್ರೆಯೆಂದೇ ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1997-98ರಲ್ಲಿ ಗರ್ಭಿಣಿಯರಿಂದ ಆರಂಭವಾದ ಪಾರ್ಥೆನಾನ್ ಅಧ್ಯಯನ, ಗರ್ಭಾವಧಿಯ ಮಧುಮೇಹ ಮತ್ತು ಪೋಷಣೆಯ ಪರಿಣಾಮವನ್ನು ಆ ಮಕ್ಕಳು ಯುವಕ-ಯುವತಿಯರಾಗುವವರೆಗೂ ಹಿಂಬಾಲಿಸಿತು. ನಮ್ಮ ವಿಷಯ ಬೇರೆಯಾದರೂ, ಮಕ್ಕಳನ್ನು ಅಷ್ಟು ವರ್ಷ ಕೈಬಿಡದೆ ಉಳಿಸಿಕೊಂಡ ಆ ಉದಾಹರಣೆಯನ್ನು ನಾನು ಇಲ್ಲಿನ ಸಭೆಗಳಲ್ಲಿ ಆಗಾಗ ಎತ್ತುವುದುಂಟು. ನಮ್ಮಲ್ಲಿ ಕಳೆದುಹೋಗುವ ಕುಟುಂಬಗಳು ಯಾವುವೋ ಕೆಲವಲ್ಲ, ಹೆಚ್ಚು ಕಷ್ಟದಲ್ಲಿರುವವೇ ಮೊದಲು ಕಳೆದುಹೋಗುತ್ತವೆ, ಅವರಿಲ್ಲದ ಸರಾಸರಿ ಸುಳ್ಳು ಸಮಾಧಾನವನ್ನು ಕೊಡುತ್ತದೆ.

ಮುಂದೆ ಆದದ್ದು

ಮಗುವಿಗೆ ಎರಡು ವರ್ಷವಾಗುವ ಹೊತ್ತಿಗೆ ತಾಯಿ ಹಿಂತಿರುಗಿದಳು, ಈಗ ದಿನದ ಮಾತ್ರೆಯ ಬದಲು ತಿಂಗಳಿಗೊಮ್ಮೆ ಚುಚ್ಚುವ ಬುಪ್ರಿನಾರ್ಫಿನ್. ನ್ಯಾಯಾಲಯ ಮಗುವನ್ನು ಅವಳಿಗೆ ಒಪ್ಪಿಸಿತು, ಅಜ್ಜಿಯ ಮನೆಯಲ್ಲೇ ಮೂವರೂ ಇದ್ದರು. ಸಿಗರೇಟು ಮನೆಯ ಹೊರಗಿನ ಜಗಲಿಗೆ ಹೋಯಿತು, ಪೂರ್ತಿ ಹೋಗಲಿಲ್ಲ.

ಮೂರನೆಯ ವರ್ಷದ ಪರೀಕ್ಷೆಗೆ ಬೇರೆ ಪರೀಕ್ಷಕಿಯನ್ನು ನೇಮಿಸಿ, ಕುಟುಂಬದವರಿಗೆ ಬಾಗಿಲಲ್ಲೇ ಮಗುವಿನ ಹಿನ್ನೆಲೆ ಹೇಳದಿರುವಂತೆ ಕೋರಿ, ಅದೇ ದಿನ ಬೆಳಗ್ಗೆ ಕಿವಿ ಪರೀಕ್ಷೆ ಮುಗಿಸಿಯೇ ಒಳಗೆ ಕರೆಯಲಾಯಿತು. ಭಾಷೆ 91, ಗ್ರಹಿಕೆ 95, ಚಲನೆ 94. ‘ಮದರ್’ ಪ್ರಯೋಗದ ಮಕ್ಕಳಲ್ಲಿ 96 ಮಂದಿಯನ್ನು ಮೂರು ವರ್ಷದವರೆಗೆ ಗಮನಿಸಿದಾಗಲೂ ಬೆಳವಣಿಗೆ ಒಟ್ಟಾರೆ ಸಾಮಾನ್ಯ ವ್ಯಾಪ್ತಿಯಲ್ಲೇ ಇತ್ತು. ನಳಿಕೆ, ವಾಕ್‌ಚಿಕಿತ್ಸೆ, ತಾಯಿಯ ಮರಳುವಿಕೆ, ಹೊಸ ಪರೀಕ್ಷಕಿ ಇವುಗಳಲ್ಲಿ ಯಾವುದು ಎಷ್ಟು ಅಂಕ ತಂದಿತೆಂದು ಒಂದೇ ಮಗುವನ್ನು ನೋಡಿ ಹೇಳಲಾಗದು, ಸುಮ್ಮನೆ ವಯಸ್ಸೂ ಒಂದಿಷ್ಟು ತಂದಿರಬಹುದು. ಆದರೆ 74 ಅನ್ನು ಗರ್ಭದ ಲೆಕ್ಕಕ್ಕೆ ಬರೆದು ಕಡತ ಮುಚ್ಚಿದ್ದರೆ ಇವುಗಳಲ್ಲಿ ಮೊದಲೆರಡು ನಡೆಯುತ್ತಲೇ ಇರಲಿಲ್ಲ.

ಇದನ್ನು ಸುಖಾಂತವೆಂದು ತಿಳಿಯಲು ನನಗೆ ಮನಸ್ಸಿಲ್ಲ. ಅದೇ ಭೇಟಿಯಲ್ಲಿ ಬೇರೊಂದು ಕೋಣೆಯಲ್ಲಿ ನಡೆದ ಆಟದಂಥ ಪರೀಕ್ಷೆಗಳಲ್ಲಿ, ಪಾರದರ್ಶಕ ಲೋಟದಡಿಯ ಬಿಸ್ಕತ್ತನ್ನು ಗಂಟೆ ಬಾರಿಸುವವರೆಗೆ ಮುಟ್ಟದೆ ಕಾಯುವುದು, ನಿಯಮ ಬದಲಾದಾಗ ಹಳೆಯ ಪೆಟ್ಟಿಗೆಯ ಬದಲು ಹೊಸ ಪೆಟ್ಟಿಗೆಗೆ ಕೈ ಹಾಕುವುದು ಮುಂತಾದವುಗಳಲ್ಲಿ ಅವನು ತನ್ನದೇ ಜಿಲ್ಲೆಯ ಹೋಲಿಕೆ ಮಕ್ಕಳಿಗಿಂತಲೂ ಹಿಂದಿದ್ದ. ಬಿಸ್ಕತ್ತು ಪ್ರತಿ ಸಲವೂ ಗಂಟೆಗೆ ಮುಂಚೆಯೇ ಬಾಯಿ ಸೇರಿತು. ತಾಯಿ ತುಂಬಿದ ನಡವಳಿಕೆಯ ಪ್ರಶ್ನಾವಳಿಯಲ್ಲೂ ಗಮನ ಮತ್ತು ಸಿಡುಕಿನ ಅಂಕಗಳು ಮೇಲಿದ್ದವು. ಈ ಬಾರಿ ಕಿವಿಯಾಗಲಿ, ಪರೀಕ್ಷಕಿಯಾಗಲಿ ಕಾರಣವೆನ್ನುವಂತಿಲ್ಲ. ಒಂಬತ್ತನೆಯ ತಿಂಗಳ ಅಗಲಿಕೆ ಕಾರಣವಿರಬಹುದು, ಸಿಗರೇಟು ಇರಬಹುದು, ಓಪಿಯಾಯ್ಡ್ ಇರಬಹುದು, ಮತ್ತು ನನ್ನ ಅಂದಾಜಿನಲ್ಲಿ ಓಪಿಯಾಯ್ಡ್‌ನ ನಿಜವಾದ ಸುಳಿವು ಇದ್ದರೆ ಅದು ಇಲ್ಲೇ, ಮೊದಲ ಪದಗಳ ಎಣಿಕೆಯಲ್ಲಲ್ಲ, ತಡೆದು ನಿಲ್ಲುವ ಸಾಮರ್ಥ್ಯದಲ್ಲಿ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಶಾಲಾ ದಾಖಲೆಗಳ ಮೇಲೆ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹುಟ್ಟಿನಲ್ಲಿ ಹಿಂತೆಗೆತ ಅನುಭವಿಸಿದ ಮಕ್ಕಳು ಮೂರನೆಯ ತರಗತಿಯಲ್ಲೇ ಹಿಂದಿದ್ದರು, ಏಳನೆಯ ತರಗತಿಗೆ ಬರುವಾಗ ಅಂತರ ಇನ್ನೂ ಹಿಗ್ಗಿತ್ತು. ಟೆನೆಸಿಯಲ್ಲಿ 2018ರಲ್ಲಿ ಪ್ರಕಟವಾದ ಲೆಕ್ಕದಂತೆ ಇಂಥ ಮಕ್ಕಳಲ್ಲಿ ಶೇ. 19.3 ಮಂದಿಯನ್ನು ಶೈಕ್ಷಣಿಕ ತೊಂದರೆಯ ತಪಾಸಣೆಗೆ ಕಳಿಸಲಾಗಿತ್ತು, ಹೋಲಿಕೆಯ ಮಕ್ಕಳಲ್ಲಿ ಅದು ಶೇ. 13.7. ವ್ಯತ್ಯಾಸವಿದೆ, ನಿಜ. ಆದರೆ ಐವರಲ್ಲಿ ನಾಲ್ವರನ್ನು ಯಾರೂ ತಪಾಸಣೆಗೆ ಕಳಿಸಿರಲಿಲ್ಲ ಎಂಬುದನ್ನೂ ಅದೇ ಅಂಕಿ ಹೇಳುತ್ತದೆ.

ಅಧ್ಯಯನದ ಮೇಲೆ ಈ ಪ್ರಕರಣದ ಪರಿಣಾಮ

ಈ ಮಗುವಿನ ನಂತರ ನಮ್ಮ ಕಾರ್ಯವಿಧಾನ ಬದಲಾಯಿತು. ಪ್ರತಿ ಭಾಷಾ ಪರೀಕ್ಷೆಯ ದಿನವೇ ಕಿವಿಯ ತಪಾಸಣೆ ಕಡ್ಡಾಯವಾಯಿತು. ಮಗು ಯಾರ ಬಳಿ, ಯಾವ ದಿನಾಂಕದಿಂದ ಯಾವ ದಿನಾಂಕದವರೆಗೆ ಇತ್ತು ಎಂಬುದು, ತಾಯಿಯ ಮಾತ್ರೆಯ ಪ್ರಮಾಣದಷ್ಟೇ ಪ್ರಾಮುಖ್ಯದ ಕಾಲಮ್ಮಾಗಿ ದತ್ತಾಂಶಕ್ಕೆ ಸೇರಿತು. ಪರೀಕ್ಷಕಿಗೆ ಹಿನ್ನೆಲೆ ತಿಳಿದುಹೋದರೆ ಅದನ್ನೂ ಗುರುತಿಸುವ ಒಂದು ಚೌಕ ನಮೂನೆಯಲ್ಲಿ ಬಂತು, ಅದನ್ನು ತುಂಬಲು ಪರೀಕ್ಷಕಿಯರು ಮೊದಮೊದಲು ಹಿಂಜರಿದರೂ ಈಗ ರೂಢಿಯಾಗಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು 27 ಕೇಂದ್ರಗಳಲ್ಲಿ ಸಾವಿರಾರು ಕುಟುಂಬಗಳನ್ನು ಗರ್ಭಾವಧಿಯಿಂದ ಹಿಡಿದು ಹತ್ತು ವರ್ಷದವರೆಗೆ ಹಿಂಬಾಲಿಸಲು ಕೈಗೊಂಡಿರುವ ಎಚ್‌ಬಿಸಿಡಿ (ಮಕ್ಕಳ ಮೆದುಳಿನ ಬೆಳವಣಿಗೆಯ) ಅಧ್ಯಯನದಂಥ ದೊಡ್ಡ ಪ್ರಯತ್ನಗಳು ಸಿಗರೇಟು, ಬಡತನ, ಅಗಲಿಕೆಗಳನ್ನು ಓಪಿಯಾಯ್ಡ್‌ನಿಂದ ಬಿಡಿಸಿ ನೋಡುವಷ್ಟು ಸಂಖ್ಯಾಬಲ ಹೊಂದಿವೆ. ನಮ್ಮಂಥ ಸಣ್ಣ ತಂಡಕ್ಕೆ ಆ ಬಲವಿಲ್ಲ, ಒಂದು ಅಂಕದ ಹಿಂದಿನ ವಿಡಿಯೊವನ್ನು ಮತ್ತೆ ಹಾಕಿ ನೋಡುವ ಬಿಡುವಿದೆ.

ಮಗು ಶಾಲೆಗೆ ಸೇರುವ ಮುನ್ನ ತಾಯಿ ಒಂದು ಪ್ರಶ್ನೆ ತಂದಳು: ಗರ್ಭದ ವಿಷಯವನ್ನು ಶಿಕ್ಷಕಿಗೆ ಹೇಳಬೇಕೇ? ತಂಡದಲ್ಲಿ ಒಮ್ಮತವಿರಲಿಲ್ಲ. ಹೇಳಿದರೆ ನೆರವು ಬೇಗ ಸಿಗಬಹುದೆಂದು ಕೆಲವರು, ಹಣೆಪಟ್ಟಿ ನೆರವಿಗಿಂತ ಬೇಗ ತಲುಪುತ್ತದೆಂದು ಕೆಲವರು. ಶಾಲೆ ನೆರವು ಕೊಡುವುದು ಮಗುವಿಗೆ ಇಂದು ಏನು ಕಷ್ಟವಿದೆ ಎಂಬುದರ ಮೇಲೆಯೇ ಹೊರತು ಆ ಕಷ್ಟ ಎಲ್ಲಿಂದ ಬಂತೆಂಬುದರ ಮೇಲಲ್ಲ ಎಂಬುದನ್ನು ಅವಳಿಗೆ ವಿವರಿಸಲಾಯಿತು, ನಿರ್ಧಾರ ಅವಳದೇ ಎಂದೂ ತಿಳಿಸಲಾಯಿತು. ಅವಳು ಹೇಳದಿರಲು ನಿರ್ಧರಿಸಿದಳು. ನಾವು ಶಾಲೆಗೆ ಬರೆದುಕೊಟ್ಟ ಪತ್ರದಲ್ಲಿ ಇದ್ದದ್ದು ಇಷ್ಟು: ಮಗುವಿಗೆ ಹಿಂದೆ ನಡುಗಿವಿಯ ತೊಂದರೆ ಇತ್ತು, ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆ ಬೇಕು, ಎಡಗಣ್ಣಿಗೆ ಕನ್ನಡಕವಿದೆ, ಸರದಿ ಕಾಯುವುದು ಮತ್ತು ಒಂದು ಚಟುವಟಿಕೆಯಿಂದ ಇನ್ನೊಂದಕ್ಕೆ ಹೊರಳುವುದು ಅವನಿಗೆ ಕಷ್ಟ, ಆದ್ದರಿಂದ ಮುಂದಿನ ಸಾಲಿನಲ್ಲಿ ಕೂರಿಸಿ, ಚಟುವಟಿಕೆ ಬದಲಿಸುವ ಐದು ನಿಮಿಷ ಮುಂಚೆ ಅವನಿಗೊಮ್ಮೆ ಹೇಳಿ, ಆರು ತಿಂಗಳ ನಂತರ ಗಮನದ ವಿಷಯದಲ್ಲಿ ಶಾಲೆಯೇ ತಪಾಸಣೆ ನಡೆಸಲಿ.